ಖಾಲಿ ರಸ್ತೆಗೆ ಬಂದ ಲಾರಿ

"ಈ ಸ್ಪೀಡಲ್ಲಿ ಹೋದ್ರೆ ಬಸ್ಸು ಸ್ಕೂಲಿಗೆ ತಲುಪೋದು ಯಾವಾಗ? ಪರೀಕ್ಷೆ ಮುಗಿದ ಮೇಲಾ?" ಸಿಡುಕಿ ಗುಡುಗಿದಳು.

ಅವಳಿಗೆ ಒಳ್ಳೆಯ ಹೆಸರೊಂದಿತ್ತು. ಮನೆಯವರು ಅದನ್ನು ಶಾಲೆಯ ಹಾಜರಿಗೆ ಬಿಟ್ಟುಕೊಟ್ಟು, ಸಿಡುಕಿ ಎಂದೇ ಕರೆಯುತ್ತಿದ್ದರು.

ಅಮ್ಮ ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ, ಕಣ್ಣಿಗೆ ಡಬ್ಬಿಯಂಥ ಹೆಡ್‌ಸೆಟ್ ಕಟ್ಟಿಕೊಂಡು, ಮೇಜಿಗೆ ಬಿಗಿದ ಸ್ಟೀರಿಂಗ್ ಹಿಡಿದು ಕೂತಿದ್ದಳು. ಕಾಲಡಿ ಎರಡು ಪೆಡಲ್. ಕೂತಿದ್ದು ಮಾತ್ರ ಆಫೀಸಿನ ಉರುಳುವ ಕುರ್ಚಿ.

ಅಮ್ಮ ಶಾಲೆಯ ಬಸ್ ಡ್ರೈವರ್. ಒಂದು ಬೆಳಿಗ್ಗೆ, ಇನ್ನೂ ಯಾವ ಮಗುವೂ ಹತ್ತದಿದ್ದ ಬಸ್ಸಿಗೆ ಲಾರಿಯೊಂದು ಗುದ್ದಿತ್ತು. ಅಮ್ಮನ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಅಂದಿನಿಂದ ಡ್ರೈವರ್ ಸೀಟಿನಲ್ಲಿ ಕೂತರೆ ಸಾಕು, ಕೀಲಿ ತಿರುಗಿಸಲಾರದೆ ಇಳಿದುಬಿಡುತ್ತಿದ್ದಳು.

ಗೀರೂ ಬಿದ್ದಿಲ್ಲವಲ್ಲ, ಮತ್ತೇಕೆ ಭಯ! ಸಿಡುಕಿಗೆ ಅದೇ ಸಿಟ್ಟು.

"ನಿಮ್ಮಮ್ಮ ಬಸ್ ಬಿಟ್ಟು ವಿಡಿಯೋ ಗೇಮ್ ಆಡ್ತಾರಂತೆ, ಹೌದೇನೇ?" ಎಂದು ಪಕ್ಕದ ಬೆಂಚಿನವನು ಕೇಳಿದ್ದ. ಅವನ ಊಟದ ಡಬ್ಬಿ ಕಿಟಕಿಯಾಚೆ ಹಾರಿತ್ತು. ಹೆಡ್‌ಮಾಸ್ಟರ ಮುಂದೆ ನಿಂತರೂ ಸಿಡುಕಿ ಸಾರಿ ಹೇಳಿರಲಿಲ್ಲ. ಹೇಳಿದ್ದು ಅಮ್ಮ. ಅದಕ್ಕೂ ಸಿಟ್ಟು.

"ಇದು ಗೇಮ್ ಅಲ್ಲ ಪುಟ್ಟಿ, ವರ್ಚುವಲ್ ರಿಯಾಲಿಟಿ," ಎಂದರು ಅಮ್ಮನ ಪಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದ ಡಾಕ್ಟರಮ್ಮ. "ಡಬ್ಬಿಯೊಳಗೆ ಒಂದೊಂದು ಕಣ್ಣಿಗೂ ಒಂದೊಂದು ಚಿತ್ರ. ಕತ್ತು ತಿರುಗಿಸಿದ್ರೆ ರಸ್ತೆನೂ ತಿರುಗುತ್ತೆ. ಹಾಗಾಗಿ ಅಲ್ಲೇ ಇದ್ದೀವಿ ಅನ್ಸುತ್ತೆ. ಪೈಲಟ್‌ಗಳು, ಆಪರೇಷನ್ ಮಾಡೋ ಡಾಕ್ಟರ್‌ಗಳು ಕೂಡ ಹೀಗೆ ಪ್ರಾಕ್ಟೀಸ್ ಮಾಡ್ತಾರೆ. ನಾವಿಲ್ಲಿ ಭಯಾನ ಸ್ವಲ್ಪ ಸ್ವಲ್ಪವೇ ಕೊಟ್ಟು ಅಭ್ಯಾಸ ಮಾಡಿಸ್ತೀವಿ."

"ಎಲ್ಲಿದೆ ಭಯ? ರಸ್ತೇಲಿ ಒಂದು ನಾಯಿನೂ ಇಲ್ಲ!"

ಡಾಕ್ಟರಮ್ಮ ನಕ್ಕು, ಹೊರಗಿನ ಗಲಾಟೆ ಕೇಳದಂತೆ ಕಿಟಕಿ ಮುಚ್ಚಲು ಎದ್ದರು.

ಕಂಪ್ಯೂಟರಿನಲ್ಲಿ ಅಮ್ಮ ನೋಡುತ್ತಿದ್ದ ರಸ್ತೆಯೇ ಕಾಣುತ್ತಿತ್ತು. ಪಕ್ಕದಲ್ಲಿ ಪುಟ್ಟ ಚಿತ್ರಗಳು: ಸೈಕಲ್, ಕಾರು, ಲಾರಿ. ಸಿಡುಕಿ ಸೈಕಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಲಾರಿಯ ಮೇಲೆ ಕ್ಲಿಕ್ ಮಾಡಿದಳು.

ತಿರುವಿನಿಂದ ಲಾರಿ ನುಗ್ಗಿ ಬಂತು.

ಅಮ್ಮ ಎರಡೂ ಕಾಲಿನಿಂದ ಬ್ರೇಕ್ ತುಳಿದಳು. ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ಧಡ್ ಎಂದು ಬಡಿಯಿತು. ಒಂದು ಕೈ ಗಾಳಿಯಲ್ಲಿ ಹಿಂದಕ್ಕೆ ಚಾಚಿಕೊಂಡಿತು.

"ಏ, ತಲೆ ಬಗ್ಗಿಸ್ರೋ! ಎಲ್ಲಾರೂ ಬಗ್ಗಿ!"

ಡಾಕ್ಟರಮ್ಮ ಓಡಿಬಂದು ರಸ್ತೆಯನ್ನು ನಿಲ್ಲಿಸಿದರು. ಅಮ್ಮ ಹೆಡ್‌ಸೆಟ್ ಕಿತ್ತು ತೆಗೆದಳು. ಮುಖವೆಲ್ಲ ಬೆವರು.

"ಯಾರು ಲಾರಿ ಬಿಟ್ಟಿದ್ದು?"

"ನಾನೇ."

"ಯಾರನ್ನ ಕೇಳಿ ಮುಟ್ಟಿದೆ? ತಮಾಷೆನಾ ಇದು ನಿಂಗೆ?" ಅಮ್ಮ ಇಷ್ಟು ಜೋರಾಗಿ ಕಿರುಚಿದ್ದನ್ನು ಸಿಡುಕಿ ಕೇಳಿಯೇ ಇರಲಿಲ್ಲ.

ಅವಳೂ ಬಿಡಲಿಲ್ಲ. "ಮತ್ತೆ ಯಾರಿಗೆ ಬಗ್ಗಿ ಅಂದೆ ನೀನು? ಆವತ್ತು ಬಸ್ಸಲ್ಲಿ ಯಾರೂ ಇರ್ಲಿಲ್ವಲ್ಲ!"

"ಇರ್ಲಿಲ್ಲ ಕಣೇ. ಮುಂದಿನ ಸ್ಟಾಪು ಯಾವ್ದು? ಹೇಳು, ಯಾವ್ದು?"

ಮುಂದಿನ ಸ್ಟಾಪು ಅವರ ಮನೆಯದು. ಅಲ್ಲಿ ಬಸ್ಸಿಗೆ ಕಾಯುತ್ತಿದ್ದವಳು ಸಿಡುಕಿಯೊಬ್ಬಳೇ.

"ಇವತ್ತಿಗೆ ಸಾಕು ಮಾಡೋಣ್ವಾ?" ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ಬೇಡ." ಅಮ್ಮನ ದನಿಯಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ. "ಸೈಕಲ್ ಹಾಕಿ. ಒಂದೇ ಒಂದು."

ಸಿಡುಕಿ ಕುರ್ಚಿಯನ್ನು ಮೇಜಿನ ತನಕ ತಳ್ಳಿಕೊಂಡು ಬಂದಳು. ಅಮ್ಮ ಹೆಡ್‌ಸೆಟ್ ಕಟ್ಟಿಕೊಂಡಾಗ, ಕುರ್ಚಿ ಮತ್ತೆ ಉರುಳದಂತೆ, ಬೆನ್ನ ಹಿಂದೆ ನಿಂತು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.