ಕಿವಿಯ ಸ್ಟಿಕ್ಕರ್

“ಅಯ್ಯೋ, ಬಂತು ನೋಡೇ ಕಿವಿ!” ಪಕ್ಕದ ಮನೆಯ ಗೆಳತಿ ಸೋಫಾದ ಮೇಲೆ ಬಿದ್ದು ಹೊರಳಾಡಿ ನಕ್ಕಳು.

ಚೂಟಿಯ ಫೋನಿನ ತುಂಬ ಅಜ್ಜಿಯ ಕಿವಿಯೇ ಕಿವಿ. ಒಂದು ಓಲೆ, ಒಂದಿಷ್ಟು ಬಿಳಿ ಕೂದಲು, ಅಷ್ಟೇ. ಅಜ್ಜಿ ಇರುವುದು ಬೇರೆ ಊರಿನಲ್ಲಿ, ಮಾವನ ಮನೆಯಲ್ಲಿ. ಭಾನುವಾರ ಬಂತೆಂದರೆ ವಿಡಿಯೋ ಕಾಲ್. ವಿಡಿಯೋ ಆದರೇನು, ಬಿಟ್ಟರೇನು, ಅಜ್ಜಿಗೆ ಫೋನ್ ಎಂದರೆ ಕಿವಿಗೆ ಇಟ್ಟುಕೊಳ್ಳುವ ವಸ್ತು.

“ಅಜ್ಜೀ, ಮುಂದೆ ಹಿಡ್ಕೋ! ಮುಖಾನೇ ಕಾಣ್ತಿಲ್ಲ!”

“ಹೇಳು ಕಂದಾ, ಕೇಳಿಸ್ತಾ ಇದೆ,” ಎಂದಿತು ಕಿವಿ.

ಚೂಟಿಗೂ ನಗು ತಡೆಯಲಾಗಲಿಲ್ಲ. ಹಾಗೇ ಒಂದು ಸ್ಕ್ರೀನ್‌ಶಾಟ್ ಹೊಡೆದಳು.

ಆಮೇಲೆ ಕೇಳಬೇಕೆ! ಫೋನಿನ ವಿಷಯದಲ್ಲಿ ಚೂಟಿಯ ಕೈ ಬಲು ಚುರುಕು. ಹಳೇ ಫೋನಿನ ಫೋಟೋ ಹೊಸದಕ್ಕೆ ಹೋಗಬೇಕೆ? ಮೆಮೊರಿ ಫುಲ್ ಆಯಿತೆ? ಇಡೀ ಬಿಲ್ಡಿಂಗ್‌ನವರು ಅವಳನ್ನೇ ಕೂಗುತ್ತಿದ್ದರು. ಕಿವಿಯನ್ನಷ್ಟೇ ಕತ್ತರಿಸಿ, ಕೆಳಗೆ ‘ಹೇಳು, ಕೇಳಿಸ್ತಾ ಇದೆ’ ಎಂದು ಬರೆದು, ನೋಡನೋಡುತ್ತಲೇ ಸ್ಟಿಕ್ಕರ್ ಮಾಡಿದಳು. ಕ್ಲಾಸ್ ಗ್ರೂಪಿಗೆ ಹಾಕಿದಳು. ಮಾವನ ಮಗನಿಗೂ ಕಳಿಸಿದಳು.

ಸೋಮವಾರ ಶಾಲೆಯಲ್ಲಿ ಚೂಟಿಯೇ ಹೀರೋ. ಮಿಸ್ ಏನೇ ಕೇಳಿದರೂ ಹಿಂದಿನ ಬೆಂಚಿನಿಂದ “ಹೇಳು, ಕೇಳಿಸ್ತಾ ಇದೆ” ಎಂಬ ಪಿಸುದನಿ. ಚೂಟಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಂದಿನ ಭಾನುವಾರ ಅಮ್ಮ ಕಾಲ್ ಮಾಡಿದಾಗ ಕಿವಿ ಬರಲಿಲ್ಲ. ಅಜ್ಜಿಯ ಮುಖವೇ ಬಂತು! ಫೋನ್ ಹಿಡಿದ ಕೈಯನ್ನು ಉದ್ದಕ್ಕೆ ಚಾಚಿ, ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡು, ಬಿಗಿಯಾಗಿ ಕೂತಿದ್ದಳು.

“ಹಾಂ, ಈಗ ಸರಿ!” ಎಂದಳು ಚೂಟಿ.

“ಮಂಡಿ ನೋವು ಹೇಗಿದೆ ಅಮ್ಮಾ?” ಎಂದು ಅಮ್ಮ ಕೇಳಿದಳು.

“ಹೂಂ, ಹೂಂ.” ಅಜ್ಜಿ ನಕ್ಕಳು.

“ಡಾಕ್ಟರ್ ಹತ್ರ ಯಾವಾಗ ಹೋಗ್ತೀಯ?”

“ಹೂಂ, ಚೆನ್ನಾಗಿದೆ.”

ಅಮ್ಮ ನಿಟ್ಟುಸಿರುಬಿಟ್ಟಳು. “ಅವಳಿಗೆ ಒಂದಕ್ಷರಾನೂ ಕೇಳಿಸ್ತಿಲ್ಲ ಕಣೇ. ನೂಲಿನ ಗಿರಣೀಲಿ ಅಷ್ಟು ವರ್ಷ ಆ ಸದ್ದಲ್ಲಿ ದುಡಿದು ಕಿವಿ ಮಂದ ಆಗಿದೆ. ಕಿವಿಗೆ ಒತ್ತಿ ಇಟ್ಕೊಂಡ್ರೇನೇ ಸ್ವಲ್ಪ ಕೇಳೋದು. ಯಾರೋ ಅವಳ ಕಿವೀನ ಸ್ಟಿಕ್ಕರ್ ಮಾಡಿ ಹಂಚಿದಾರಂತೆ. ಮಾವನ ಮಗನ ಫೋನಲ್ಲಿ ನೋಡಿದ್ಲಂತೆ. ಅವನು ಎಲ್ಲಿಂದಲೋ ಬಂತು ಅಂದನಂತೆ. ಅವತ್ತಿಂದ ಫೋನನ್ನ ಕಿವಿ ಹತ್ರಾನೇ ತರಲ್ಲ. ಯಾವ ಪುಣ್ಯಾತ್ಮರ ಕೆಲಸವೋ!”

ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎಂದು ಚೂಟಿಗೆ ಅನ್ನಿಸಿತು. ಅಜ್ಜಿ ಮಾತ್ರ ಕೇಳಿಸದ ಮಾತಿಗೆಲ್ಲ ನಗುತ್ತಲೇ ಇದ್ದಳು. ಆ ನಗುವನ್ನು ನೋಡಲು ಚೂಟಿಗೆ ನಾಚಿಕೆಯಾಯಿತು.

“ಫೋನ್ ಕೊಡಮ್ಮಾ,” ಎಂದವಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತನ್ನ ಕಿವಿ ಮುಟ್ಟಿ ತೋರಿಸಿ, ಫೋನನ್ನು ಅಲ್ಲಿಡು ಎಂದು ಸನ್ನೆ ಮಾಡಿದಳು. ಅಜ್ಜಿ ಬೇಡವೆಂದು ತಲೆಯಾಡಿಸಿದಳು. ಚೂಟಿ ಬಿಡಲಿಲ್ಲ. ಕೊನೆಗೆ ಅಜ್ಜಿ ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಫೋನನ್ನು ಮೆಲ್ಲಗೆ ಕಿವಿಗೆ ತಂದಳು.

“ಅಜ್ಜೀ, ಆ ಸ್ಟಿಕ್ಕರ್ ಇದ್ಯಲ್ಲ… ಅದನ್ನ ಮಾಡಿದ್ದು…”

ಟುಂಯ್! ಕಾಲ್ ಕಟ್ಟಾಯಿತು.

ಸದ್ಯ, ಬದುಕಿಕೊಂಡೆ ಎಂದುಕೊಂಡಳು ಚೂಟಿ. ಹಾಗೆ ಅಂದುಕೊಂಡದ್ದಕ್ಕೆ ಇನ್ನೂ ನಾಚಿಕೆಯಾಯಿತು. ನೆಟ್‌ವರ್ಕ್ ಇಲ್ಲ ಎಂದರೆ ಅಮ್ಮ ನಂಬುತ್ತಾಳೆ. ಅಜ್ಜಿಯೂ ನಂಬುತ್ತಾಳೆ. ಮುಂದಿನ ಭಾನುವಾರವೂ ಹೀಗೇ ಕೈ ಚಾಚಿಕೊಂಡು ಹೂಂಗುಟ್ಟುತ್ತಾ ಕೂರುತ್ತಾಳೆ.

ಚೂಟಿ ತಾನೇ ಮತ್ತೆ ಕಾಲ್ ಮಾಡಿದಳು. ಮತ್ತೆ ಸನ್ನೆ ಮಾಡಿದಳು.

“ಎಲ್ಲೀವರೆಗೆ ಕೇಳಿಸ್ತು ಅಜ್ಜಿ?”

“ಸ್ಟಿಕ್ಕರ್ ಅಂದೆ, ಅಷ್ಟೇ. ಹೋಗ್ಲಿ ಬಿಡು ಕಂದಾ. ಬೀದೀಲಿ ಮಾತಾಡ್ತಾ ನಿಂತಿದ್ದಾಗ ಯಾರೋ ಹುಡುಗರು ಫೋಟೋ ಹೊಡ್ಕೊಂಡಿರ್ಬೇಕು.”

ಹೌದು ಎಂದುಬಿಟ್ಟರೆ ಮುಗಿಯಿತು.

“ಯಾರೋ ಹುಡುಗರಲ್ಲ ಅಜ್ಜಿ. ನಾನು. ನಾನೇ ಮಾಡಿದ್ದು. ಎಲ್ಲರಿಗೂ ಕಳಿಸಿದ್ದೂ ನಾನೇ.”

ಫೋನಿನ ತುಂಬ ಬರೀ ಕಿವಿ. ಅಜ್ಜಿಗೆ ಕೋಪ ಬಂದಿದೆಯೋ, ಅಳು ಬಂದಿದೆಯೋ, ಮುಖ ಕಾಣುವಂತಿರಲಿಲ್ಲ. ಮುಂದೆ ಹಿಡಿ ಎನ್ನಲು ಚೂಟಿಗೆ ಬಾಯಿ ಬರಲಿಲ್ಲ. ಕಾಲ್ ಕಟ್ಟಾಯಿತೇ ಎಂದು ನೋಡಿದಳು. ಆಗಿರಲಿಲ್ಲ.

“ಯಾರೋ ಅಂದ್ಕೊಂಡಿದ್ದಾಗ ಇಷ್ಟು ಬೇಜಾರಿರ್ಲಿಲ್ಲ ಕಂದಾ,” ಎಂದಳು ಅಜ್ಜಿ.

‘ಸಾರಿ’ ಎಂಬ ಮಾತು ಚೂಟಿಯ ನಾಲಿಗೆಯ ತುದಿಗೆ ಬಂದಿತ್ತು. ಶಾಲೆಯಲ್ಲಿ ಯಾರ ಕಾಲು ತುಳಿದರೂ ಅವಳು ಅದನ್ನೇ ಹೇಳುತ್ತಿದ್ದಳು. ಈಗ ಹೇಳಲಿಲ್ಲ. ಅಜ್ಜಿಯ ದನಿ ತೀರಾ ಮೆಲ್ಲಗಿತ್ತು. ಚೂಟಿ ಕಣ್ಣೊರೆಸಿಕೊಂಡು, ಫೋನನ್ನು ತನ್ನ ಕಿವಿಗೆ ಒತ್ತಿ ಹಿಡಿದು, ಅಜ್ಜಿ ಇನ್ನೇನು ಹೇಳುತ್ತಾಳೋ ಎಂದು ಕೇಳುತ್ತಾ ಕೂತಳು.