ದನಿ ಹಿಡಿದ ವೀಳ್ಯ

"ಇಷ್ಟು ಬಾಯಿ ತಗದು ಯಾರ ಪದ ಹಾಡಾಕತ್ತೀಯವ್ವ?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಕರಬಸಪ್ಪ ಕೇಳಿದ್ದು ಗೋಡೆಗೊರಗಿಸಿದ್ದ ಕಾಗದದ ಚಿತ್ರವನ್ನು. ಹಿಂದೆ ಯಾವನೋ ಸವಣೂರ ಚಿತ್ರಗಾರ ಬರೆದ ಹಾಡುವ ಹೆಂಗಸು. ತೆರೆದ ತುಟಿಯ ಕೆಂಪು ಇನ್ನೂ ಹಸಿಯಿದ್ದಂತೆ ಮಿನುಗುತ್ತಿತ್ತು. ಹಳೆಯ ಅಂಟಿನ ವಾಸನೆಯೊಳಗಿಂದ ಆಗಷ್ಟೇ ಅಗಿದ ಎಲೆಯ ಘಾಟು ಬರುತ್ತಿತ್ತು.

ಮಹಾಯುದ್ಧ ಶುರುವಾದ ವರ್ಷ ಅದು. ಸವಣೂರಿನ ಹೊಸ ವಸ್ತುಸಂಗ್ರಹಾಲಯಕ್ಕೆ ಇಂಥ ಕಾಗದದ ಚಿತ್ರಗಳನ್ನು ಕೊಳ್ಳಬೇಕೆಂದು, ಧಾರವಾಡದಿಂದ ಬಂದ ಕರಬಸಪ್ಪ ಊರೂರಲ್ಲಿ ಫಳಾರದ ಕೂಟ ನಡೆಸಿ ಹಣ ಕೂಡಿಸುತ್ತಿದ್ದ. ಹಾನಗಲ್ಲಿರಲಿ, ಹಿರೇಕೆರೂರಿರಲಿ, ಚಹಾ ಚೂಡಾ ಮುಗಿದು ಅವನು ಷಟ್ಪದಿ ಎತ್ತಿದನೆಂದರೆ ಜನ ತಾವಾಗಿ ಕಿಸೆಗೆ ಕೈ ಹಾಕುತ್ತಿದ್ದರು. ಅಪ್ಪನಿಂದ ಬಂದ ಕಂಠ. ದಿನಾ ಬೆಳಗ್ಗೆ ಲಿಂಗಪೂಜೆಗೆ ಹೂವು ತಪ್ಪಿದರೂ ಹಾಡು ತಪ್ಪಿಸಿದವನಲ್ಲ.

ಬಾಗಿಲಲ್ಲಿ ಬಳೆ ಸದ್ದಾಯಿತು. ಮನೆಯ ಯಜಮಾನ ಕುಬೇರಪ್ಪನ ಮಗಳು, ಮೂಕಿ ಸರೋಜವ್ವ. ತಾಟಿನಲ್ಲಿದ್ದ ವೀಳ್ಯದೆಲೆ ತೋರಿಸಿದಳು. ಚಿತ್ರ ತೋರಿಸಿದಳು. ತನ್ನ ಗಂಟಲನ್ನು ತಾನೇ ಹಿಸುಕಿ ಹಿಡಿದು, ಬೇಡವೆಂದು ತಲೆಯಾಡಿಸಿದಳು.

ಎಲೆ ಮಾರಲು ಬಂದ ಕುಲಸುಮಬಿ ಅವಳ ಹಿಂದಿನಿಂದ ಪಿಸುಗುಟ್ಟಿದಳು. "ಆ ಚಿತ್ರದ ಜೋಡಿ ಕೊಟ್ಟ ಎಲಿ ಅಗೀಬ್ಯಾಡ್ರಿ ಸಾಹೇಬ್ರ. ಈ ಹುಡುಗಿ ಅಗದ ದಿನಾನ ದನಿ ಹೋತು. ಇನ್ನೊಬ್ಬರು ಆ ವೀಳ್ಯ ಹಿಡದು ಅಗದ್ರಷ್ಟ ಈಕಿ ದನಿ ತಿರುಗಿ ಬರತೈತಿ."

ಕರಬಸಪ್ಪ ನಕ್ಕ. "ನಿನ್ನ ಎಲಿ ಅಷ್ಟು ಖಾರ ಐತಂದ್ರ ಚಿತ್ರಕ್ಕ್ಯಾಕ ಬೈತೀಯಬೇ?"

ಅಷ್ಟರಲ್ಲಿ ಕುಬೇರಪ್ಪ ಬಂದು ಹೆಗಲ ಮೇಲೆ ಕೈಯಿಟ್ಟ. ಬಂದಾಗಿನಿಂದ ಒಂದೇ ತಾಟಿನಲ್ಲಿ ಉಣಿಸಿ, ತಮ್ಮ ಎಂದು ಕರೆದವನು. "ಹೆಂಗಸರ ಮಾತು ಹಿಡೀಬ್ಯಾಡೋ ತಮ್ಮ. ಚಿತ್ರಕ್ಕ ಬೆಲಿ ಒಲ್ಲೆ ನಾ. ಕೂಟದಾಗ ನನ್ನ ಕೈಯಾಗಿನ ವೀಳ್ಯ ಹಿಡಿ, ಸಾಕು."

ಸಂಜೆ ಪಡಸಾಲೆ ತುಂಬಿತು. ಗ್ಯಾಸಬತ್ತಿ ಸುಂಯ್ಗುಡುತ್ತಿತ್ತು. ಕುಬೇರಪ್ಪ ಚಿತ್ರವನ್ನು ಕರಬಸಪ್ಪನ ಬೆನ್ನ ಹಿಂದೆ ಎತ್ತಿ ನಿಲ್ಲಿಸಿ, ಜೋಡಿ ಎಲೆ ಮುಂದೆ ಹಿಡಿದ. ಚಿತ್ರ ಕೊಡುವಾಗ ಸಂಗ್ರಹಾಲಯದ ಹೆಸರಿಲೆ ಅನ್ನಬೇಕಿತ್ತು.

"ನಮ್ಮ ಕರಬಸಪ್ಪನ ಹೆಸರಿಲೆ," ಅಂದ.

ಪ್ರೀತಿಗೆ ಅಂದನೆಂದುಕೊಂಡು ಕರಬಸಪ್ಪ ಕೈ ಚಾಚಿದ. ಸುಣ್ಣ ಸವರಿದ ಒಂದೆಲೆಯಲ್ಲಿ ಅಡಿಕೆ ಮಡಚಿ, ಕುಲಸುಮಬಿಗೆ ಕಾಣಲೆಂದೇ ಬಾಯಿಗಿಟ್ಟ. ಇನ್ನೊಂದೆಲೆ ಕೈಯಲ್ಲುಳಿಯಿತು. ಅಗಿದ. ರುಚಿಯಿಲ್ಲ. ಒರೆಸಿಕೊಂಡ ವಸ್ತ್ರದ ಮೇಲೆ ಕೆಂಪೂ ಇಲ್ಲ. ನಾಲಿಗೆ ಬಾವಿಕಲ್ಲಿನಂತೆ ತಣ್ಣಗಾಗಿತ್ತು.

ಷಟ್ಪದಿ ಎತ್ತಿದ. ಮೊದಲ ಸಾಲು ಬಂತು. ಎರಡನೆಯದಕ್ಕೆ ಉಸಿರೆಳೆದ. ಬಾಯಿ ತೆರೆದ.

ಸಾಲು ಹಿಂದಿನಿಂದ ಬಂತು.

ಅವನದೇ ದನಿ. ಅಪ್ಪ ಕಲಿಸಿದ ಅದೇ ಎಳೆತ. ಕಾಗದದೊಳಗಿಂದ. ಬಾಯಿ ಮುಚ್ಚಿದ. ಹಾಡು ನಿಲ್ಲಲಿಲ್ಲ. ಗಂಟಲು ಹಿಡಿದುಕೊಂಡ. ನಿಲ್ಲಲಿಲ್ಲ. ಕಿರುಚಿದ. ಗಾಳಿ ಮಾತ್ರ ಹೊರಬಿತ್ತು. ಹಾಡಿನ ಭಾವಕ್ಕೆ ಮೈಮರೆತನೆಂದು ಜನ ತಲೆದೂಗಿದರು. ಚಪ್ಪಾಳೆ. ಜೋಳಿಗೆ ತುಂಬಿತು.

ಜನ ಕರಗಿದ ಮೇಲೆ ಕುಬೇರಪ್ಪ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. "ಅಪ್ಪಾ ಅನ್ನವ್ವ. ಒಮ್ಮೆ ಅನ್ನು."

"ಅ... ಅಪ್ಪಾ."

ತುಕ್ಕು ಹಿಡಿದ ಅಗಳಿ ಸರಿದಂಥ ದನಿ. ಕುಬೇರಪ್ಪ ಅಳುತ್ತ ನೆಲಕ್ಕೆ ಕುಸಿದ. ಕರಬಸಪ್ಪ ಅವನ ತೋಳು ಹಿಡಿದೆಳೆದ. ಉಳಿದ ಎಲೆಯನ್ನು ಮುಖದ ಮುಂದೆ ಹಿಡಿದ. ಅಣ್ಣಾ ಎಂದು ತುಟಿಯಾಡಿಸಿದ. ಕುಬೇರಪ್ಪ ಕಣ್ಣೆತ್ತಲಿಲ್ಲ. "ಆಕಿ ನನ್ನ ಮಗಳೋ ತಮ್ಮ," ಅಂದ. ಅಷ್ಟೇ.

ಉಳಿದವಳು ಸರೋಜವ್ವ. ಬೇಡವೆಂದು ತಲೆಯಾಡಿಸಿದವಳು. ದನಿಯಿಲ್ಲದ ಬೆಳಗು ಎಂಥದೆಂದು ಬಲ್ಲವಳು. ಕರಬಸಪ್ಪ ಅವಳೆದುರು ಮೊಣಕಾಲೂರಿದ. ಕೊರಳ ಲಿಂಗವನ್ನು ತೋರಿಸಿದ, ತನ್ನ ಬಾಯಿ ತೋರಿಸಿದ, ಉಳಿದ ಎಲೆ ಚಾಚಿದ. ಹಿಂದೆ ಕಾಗದದೊಳಗೆ ಅವನ ದನಿ ಮೆಲ್ಲಗೆ ಹಾಡುತ್ತಲೇ ಇತ್ತು.

ಅವಳ ಕೈ ಎದ್ದಿತು. ಎಲೆಯ ತನಕ ಬಂತು. ನಿಂತಿತು. ತಿರುಗಿ ಹೋಗಿ ತನ್ನ ಗಂಟಲ ಮೇಲೆ ಕೂತಿತು.

"ಒಲ್ಲೆ," ಅಂದಳು.