ಮೂರು ಬೋಲ್ಟು

ರೋಗ ಪತ್ತೆ ಮಾಡಿದವನು ಮೈಲಾರಲಿಂಗಪ್ಪ, ಮದ್ದು ಕೊಟ್ಟು ಹೆಸರು ತಗೊಂಡವನು ಉಚ್ಚೆಂಗೆಪ್ಪ. ಇದಕ್ಕಿಂತ ದೊಡ್ಡ ಅನ್ಯಾಯ ಹೊಸಪೇಟೆಯಲ್ಲಿ ನಡೆದಿದ್ದರೆ ಯಾರಾದರೂ ಬಂದು ಹೇಳಲಿ ಎಂದು ಮೈಲಾರಲಿಂಗಪ್ಪ ತನ್ನ ಗ್ಯಾರೇಜಿನ ಮುರುಕು ಬೆಂಚಿನ ಮೇಲೆ ಕೂತು ಕುದಿಯುತ್ತಿದ್ದ.

ಕಾರು ಕಂಪ್ಲಿಯ ಹೊನ್ನೂರಪ್ಪನದು. ಕಾಲುವೆ ನೀರು ಹರಿದು ಕಬ್ಬು ಕೈಹಿಡಿದ ಮೇಲೆ ಅವನಿಗೆ ಹತ್ತಿದ ಹುಚ್ಚು ಅದು. ಸಂಡೂರಿನ ಗಣಿ ಮಾಲೀಕರೊಬ್ಬರು ಓಡಿಸಿ ಬಿಟ್ಟದ್ದು, ಎರಡೇ ಸೀಟಿನದು, ಬಟ್ಟೆಯ ಟಾಪಿನ ಕೆಂಪು ವಿಲಾಯಿತಿ ಕಾರು. ಎಪ್ಪತ್ತರ ಆ ದಶಕದಲ್ಲಿ ಇಡೀ ಸೀಮೆಗೆ ಅಂಥದ್ದು ಅದೊಂದೇ. ಅದು ಯಾರ ಬಾಗಿಲಲ್ಲಿ ನಿಂತಿರುತ್ತದೋ ಅವನೇ ಊರಿಗೆ ದೊಡ್ಡ ಮೇಸ್ತ್ರಿ.

ಇಷ್ಟು ವರ್ಷ ಅದು ನಿಲ್ಲುತ್ತಿದ್ದದ್ದು ಮೈಲಾರಲಿಂಗಪ್ಪನ ಬಾಗಿಲಲ್ಲಿ. ಈ ಸಲ ಕ್ಲಚ್ಚಿನಲ್ಲಿ ಸದ್ದು ಎಂದು ತಂದಾಗ ಅವನು ಬಾನೆಟ್ಟನ್ನೂ ಎತ್ತಲಿಲ್ಲ.

"ಗಾಡಿ ಚಾಲೂ ಇಡ್ರಿ ಗೌಡ್ರ. ಕ್ಲಚ್ ಒತ್ತ್ರಿ... ಈಗ ಬಿಡ್ರಿ... ಮತ್ತೊಮ್ಮಿ ಒತ್ತ್ರಿ."

ಕಣ್ಣು ಮುಚ್ಚಿ ಕೇಳಿದ. ಪೆಡಲ್ ಬಿಟ್ಟಾಗ ಗೊರಗುಟ್ಟಿದ್ದರೆ ಗೇರ್‌ಬಾಕ್ಸಿನ ತಂಟೆ. ಇದು ಒತ್ತಿದಾಗ ಮಾತ್ರ ಕಿರ್ರೆನ್ನುತ್ತಿತ್ತು.

"ಬೇರಿಂಗ್ ಹೋಗೇತ್ರಿ. ಪ್ಲೇಟೂ ಸವದೈತಿ. ಫ್ಲೈವೀಲಿಗೆ ಗೀರು ಬಿದ್ದಿರ್ತಾವ, ಲೇತಿಗೆ ಕೊಟ್ಟು ಸಾಪ್ ಮಾಡಿಸಬೇಕು."

"ಮಸ್ತ್ ಹೇಳಿದಿ ಮೇಸ್ತ್ರಿ!" ಎಂದು ಬೆನ್ನು ತಟ್ಟಿದ ಹೊನ್ನೂರಪ್ಪ ಕಾರನ್ನು ನೆಟ್ಟಗೆ ಸ್ಟೇಷನ್ ರಸ್ತೆಯ ಹೊಸ ಶೆಡ್ಡಿಗೆ ಒಯ್ದು ಬಿಟ್ಟ. ಆ ಶೆಡ್ಡು ಉಚ್ಚೆಂಗೆಪ್ಪನದು. ಇದೇ ಮೈಲಾರಲಿಂಗಪ್ಪನ ಕೈಕೆಳಗೆ ಪಾನಾ ಹಿಡಿಯೋದು ಕಲಿತ ಉಚ್ಚೆಂಗೆಪ್ಪ! ಮರುದಿನ ಹೋಟೆಲಿನಲ್ಲಿ ಯಾರೋ ಅಂದರು, ಶಿಷ್ಯ ಗುರುವನ್ನೇ ಮೀರಿಸಿದ ಅಂತ. ಮೈಲಾರಲಿಂಗಪ್ಪ ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಎದ್ದ.

ಅವನಿಗೆ ಬೇಕಾಗಿದ್ದು ಬಹಳ ಇಲ್ಲ. ಕಾರು ಮತ್ತೆ ಸದ್ದು ಮಾಡಬೇಕು. ಈ ಸಲದ ಸದ್ದು ಶಿಷ್ಯನ ತಲೆಗೆ ಹತ್ತಬಾರದು. ಹೊನ್ನೂರಪ್ಪ ಸೋತ ಮುಖ ಹೊತ್ತು ಹಳೇ ಬಾಗಿಲಿಗೇ ಬರಬೇಕು. ತಾನು ಕಣ್ಣು ಮುಚ್ಚಿ ಕೇಳಿ, ಒಂದೇ ಮಾತಿನಲ್ಲಿ ಹೇಳಬೇಕು: ಕ್ಲಚ್ ಕವರನ್ನು ಫ್ಲೈವೀಲಿಗೆ ಕಚ್ಚಿಸುವ ಬೋಲ್ಟು ಬಿಗಿ ಮಾಡೋದನ್ನೇ ಪುಣ್ಯಾತ್ಮ ಮರೆತಿದ್ದಾನೆ. ಉಪಾಯದ ಸೊಗಸೇ ಅದು. ಯಾರೋ ಸಡಿಲಿಸಿದ ಬೋಲ್ಟು, ಬಿಗಿಯದೆ ಬಿಟ್ಟ ಬೋಲ್ಟು, ಎರಡೂ ಒಂದೇ ಥರ ಇರುತ್ತವೆ. ಯಾವ ದೇವರು ಬಂದರೂ ವ್ಯತ್ಯಾಸ ಹೇಳಲಾರ.

ಸಂದರ್ಭವನ್ನು ಶಿಷ್ಯನೇ ಕರೆದು ಕೊಟ್ಟ.

"ಕಾರು ರೆಡಿ ಐತ್ರಿ ಗುರುಗಳ. ನೀವೊಮ್ಮಿ ನೋಡಿದ್ರ ನನಗ ಧೈರ್ಯ," ಎಂದು ಕರೆದೊಯ್ದ. ಗುರು ಕೇಳಿ, "ಚಲೋ ಆಗೇತಲೇ," ಎಂದ. ನಿಜಕ್ಕೂ ಚಲೋ ಆಗಿತ್ತು. ಉಚ್ಚೆಂಗೆಪ್ಪ ಹಿಗ್ಗಿ, "ನಾ ಉಂಡು ಬರ್ತೀನ್ರಿ. ಬಿಸಿಲು ಭಾಳ ಐತಿ, ನೀವು ಇಲ್ಲೇ ಅಡ್ಡಾಗ್ರಿ," ಎಂದು ಬಿಸಿಲಿಗೆ ಶಟರ್ ಅರ್ಧ ಎಳೆದು ಮನೆಗೆ ಹೋದ.

ಗೇರ್‌ಬಾಕ್ಸ್ ಇಳಿಸುವ ಗೋಜೇ ಇರಲಿಲ್ಲ. ಕ್ಲಚ್ಚಿನ ಮನೆಯ ತಳದಲ್ಲಿ ಅಂಗೈಯಗಲದ ತಗಡಿನ ಮುಚ್ಚಳವಿತ್ತು. ಅದನ್ನು ತೆಗೆದು, ಇಂಜಿನ್ನನ್ನು ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಿದರೆ ಬೋಲ್ಟುಗಳು ಒಂದೊಂದಾಗಿ ಕೈಗೆ ಸಿಗುತ್ತವೆ. ಆರರಲ್ಲಿ ಮೂರನ್ನು ಸಡಿಲಿಸಿದ. ಮೂರು ಸಾಕು, ಕಟಕಟ ಅಂದೀತು, ಅಷ್ಟೆ. ಟಾರ್ಚಿನ ಬೆಳಕಿನಲ್ಲಿ ಶಿಷ್ಯನ ಕೆಲಸ ಕಣ್ಣಿಗೆ ಬಿತ್ತು. ಎಲ್ಲೂ ಒಂದು ಹನಿ ಗ್ರೀಸು ಹೆಚ್ಚಿಲ್ಲ, ಒಂದು ವಾಷರು ಓರೆಯಿಲ್ಲ. ತಾನು ಕಲಿಸಿದಂತೆಯೇ! ಎದೆ ಚುರ್ ಅಂದಿತು. ಆದರೂ ಕೈ ನಿಲ್ಲಲಿಲ್ಲ, ಮುಚ್ಚಳ ಮತ್ತೆ ಕೂತಿತು. ಶಿಷ್ಯ ಉಂಡು ಬಂದಾಗ ಗುರು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ.

ಕಾರು ಬಿಡಿಸಿಕೊಂಡ ಹೊನ್ನೂರಪ್ಪ ಮರುದಿನ ಸಂಡೂರಿಗೆ ಹೊರಡುವವನಿದ್ದ. ಬೆಳಿಗ್ಗೆಯೇ ಮೈಲಾರಲಿಂಗಪ್ಪ ಸಂಡೂರು ರಸ್ತೆಯ ತಿರುವಿನಲ್ಲಿ ನಿಂತಿದ್ದ. ಕೆಂಪು ಕಾರು ಬಂತು. ಹೊನ್ನೂರಪ್ಪ ಗೇರು ಬದಲಿಸಿದಾಗ ಕೇಳಿಸಿತು, ಕಟಕಟ ಅಲ್ಲ, ಧಡಧಡ. ಆ ಸದ್ದಿನ ಅರ್ಥ ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಮೂರು ಸಡಿಲಾದರೆ ಉಳಿದ ಮೂರೂ ತಾಳುವುದಿಲ್ಲ. ಅವನ ಕೈ ತಾನಾಗಿ ಮೇಲೆದ್ದಿತು. ಹೊನ್ನೂರಪ್ಪ ನಮಸ್ಕಾರವೆಂದು ತಿಳಿದು ತಾನೂ ನಗುತ್ತಾ ಕೈ ಬೀಸಿ ಹೋದ. ಕೂಗಬಹುದಿತ್ತು. ಕೂಗಲಿಲ್ಲ.

ಘಾಟಿನ ಏರಿನಲ್ಲಿ ಕ್ಲಚ್ ಕವರ್ ಕಿತ್ತು ಸಿಡಿಯಿತು. ಒಂದು ತುಂಡು ಕಾರಿನ ತಳವನ್ನೇ ಸೀಳಿ ಹೊನ್ನೂರಪ್ಪನ ಎಡಗಾಲಿಗೆ ನುಗ್ಗಿತು. ಬಳ್ಳಾರಿಯಲ್ಲಿ ಪಾದ ತೆಗೆದರು. ಪೊಲೀಸರು ಉಚ್ಚೆಂಗೆಪ್ಪನನ್ನು ಹಿಡಿದು ಒಳಗೆ ಹಾಕಿದರು.

"ಯಾಕ್ರಿ, ತಾಟಿಗೆ ಕೈನ ಹಚ್ಚವಲ್ರಿ?" ಎಂದಳು ಹೆಂಡತಿ ನಿಂಗಕ್ಕ. "ಎಷ್ಟಂದ್ರೂ ಕೈಯಾರೆ ಬೆಳೆಸಿದ ಹುಡುಗ. ಸಂಕಟ ಆಗ್ತೈತಿ."

ಅವನು ತಾಟು ಸರಿಸಿ ಎದ್ದ. ಹೇಳಿಬಿಡಲೇ ಎಂದು ಠಾಣೆಯ ತನಕ ಹೋಗಿ, ಗೇಟು ಮುಟ್ಟಿ ತಿರುಗಿ ಬಂದ. ಸದ್ದು ಬರಲಿ ಅಂದಿದ್ದೆ, ಕಾಲು ಹೋಗಲಿ ಅಂದಿರಲಿಲ್ಲ ಎಂದರೆ ಕೇಳುವವರು ಯಾರು?

ಕಡೆಗೆ ಠಾಣೆಯಿಂದಲೇ ಕರೆ ಬಂತು. ಕಾರು ಅಂಗಳದಲ್ಲಿ ಜಾಕಿನ ಮೇಲಿತ್ತು, ಪಕ್ಕದಲ್ಲಿ ಪೊಲೀಸರ ನಡುವೆ ಉಚ್ಚೆಂಗೆಪ್ಪ ನಿಂತಿದ್ದ. ತಪಾಸಣೆಗೆ ಬಂದ ಮೋಟಾರ್ ಇನ್‌ಸ್ಪೆಕ್ಟರ್‌ಗೆ ಊರಿನ ಹಿರಿಯ ಮೇಸ್ತ್ರಿಯ ಅಭಿಪ್ರಾಯ ಬೇಕಿತ್ತು. ಉಚ್ಚೆಂಗೆಪ್ಪನ ಹೆಂಡತಿ ಪಕೀರಮ್ಮ ಬಂದು ಕಾಲಿಗೆ ಬಿದ್ದಳು.

"ನಿಮ್ಮ ಮಾತೊಂದು ಸಾಕ್ರಿ ಮಾವಾರ. ಅವ್ರು ಅಂಥಾ ಕೆಲ್ಸ ಮಾಡೋರಲ್ಲಂತ ನಿಮಗ ಗೊತ್ತೈತಿ."

ಗೊತ್ತಿತ್ತು. ಮೈಲಾರಲಿಂಗಪ್ಪ ನೆಲ ನೋಡುತ್ತ ಹೇಳಿದ: "ಬೋಲ್ಟು ಬಿಗಿ ಮಾಡೋದು ಮರ್ತಾನ್ರಿ ಸಾಹೇಬ್ರ. ಮನುಷ್ಯ ಅಂದಮ್ಯಾಲ ಮರೆವು ಇರ್ತೈತಿ."

"ಅದೂ ಖಾತ್ರಿ ಆಗಲಿ," ಎಂದು ಇನ್‌ಸ್ಪೆಕ್ಟರ್ ತಳದ ಮುಚ್ಚಳ ಬಿಚ್ಚಿಸಿ, ಅಂಗಾತ ಹೊರಳಿಸಿದರು. ತಗಡಿನ ಒಳಮೈಯಲ್ಲಿ, ಎಣ್ಣೆಯಲ್ಲಿ ನೆನೆದು ಮೆತ್ತಿಕೊಂಡ ಮೂರು ಬೆರಳಿನ ಅರಿಶಿನ ಪಟ್ಟೆ ಹಳದಿಯಾಗಿ ಹೊಳೆಯಿತು. "ಇದು ನನ್ನ ಕೈ ಅಲ್ರಿ ಸಾಹೇಬ್ರ," ಎಂದ ಉಚ್ಚೆಂಗೆಪ್ಪ, ದನಿ ಒಡೆದು. "ನಮ್ಮನ್ಯಾಗ ಉಚ್ಚೆಂಗೆಮ್ಮನ ಕುಂಕುಮ ಹಚ್ತೀವಿ. ಇದು ಮೈಲಾರನ ಭಂಡಾರ." ಮೈಲಾರಲಿಂಗಪ್ಪನಿಗೆ ಆಗ ನೆನಪಾಯಿತು. ಯಾವ ಯಂತ್ರವನ್ನೂ ಅವನು ಬರಿದೇ ಮುಚ್ಚಿದವನಲ್ಲ. ಆ ಮಧ್ಯಾಹ್ನವೂ, ತಪ್ಪಾಯಿತು ಸ್ವಾಮಿ ಎಂದು ಮನಸ್ಸು ಒದ್ದಾಡುತ್ತಿದ್ದಾಗ, ಕೈ ತನ್ನ ಪಾಡಿಗೆ ತಾನು ಸೊಂಟದ ಚೀಲಕ್ಕೆ ಹೋಗಿ, ಚಿಟಿಕೆ ಭಂಡಾರ ತೆಗೆದು, ಏಳುಕೋಟಿ ಏಳುಕೋಟಿಗೋ ಎಂದು ಒಳಗೆ ಬಳಿದು ಮುಚ್ಚಿತ್ತು. ಇನ್‌ಸ್ಪೆಕ್ಟರ್, ಪೊಲೀಸರು, ಪಕೀರಮ್ಮ ಎಲ್ಲರೂ ತಗಡಿನಿಂದ ಕಣ್ಣೆತ್ತಿ, ಬೆಳಿಗ್ಗೆ ಮಿಂದು ಹಣೆತುಂಬ ಭಂಡಾರ ಬಳಿದುಕೊಂಡು ಬಂದಿದ್ದ ಹಿರಿಯ ಮೇಸ್ತ್ರಿಯ ಮುಖ ನೋಡಿದರು.